ನಾಸಿಕದ ನಾಮಾವಳಿಯೂ ನನ್ನ ಖರ್ಚಿನ ಪುಸ್ತಕವೂ

ಸುಗ್ಗಿ ಮುಗಿದು ಜೋಳದ ರಾಶಿ ಮನೆ ಸೇರಿದ ಬಳಿಕ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುವುದು ಬಹುಕಾಲದ ರೂಢಿಯು. ಒಕ್ಕಲು ಮನೆತನಗಳ ವಂಶಾವಳಿಯನ್ನು ನೆನಪಿನಲ್ಲಿಟ್ಟು, ಮನೆಯ ಮುಂದೆ ನಿಂತು ಹೇಳುವುದು ಇವರ ವೃತ್ತಿ. ಇವರ ಮೂಲಪುರುಷನು ಕುಂಟನಾಗಿದ್ದು ಎತ್ತನ್ನೇರಿ ತಿರುಗಿದನೆಂಬ ಐತಿಹ್ಯವಿದೆ. ಹೆಳವನೆಂದರೆ ಕುಂಟನೆಂದೇ ಅರ್ಥ. ಮೂರು ವರ್ಷಗಳ ಹಿಂದೆ, ನಾನು ಶಾಲೆಯ ಕೆಲಸದಿಂದ ನಿವೃತ್ತನಾದ ವರ್ಷವೇ, ನವಲಗುಂದ ತಾಲೂಕಿನ ರೈತಮಿತ್ರರೊಬ್ಬರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆನು. ಹೆಳವನೊಬ್ಬನು ಬಂದು ನಿಂತು, ಉಸಿರು ಬಿಡದೆ ಆ ಮನೆಯ ಒಂಬತ್ತು ತಲೆಮಾರುಗಳನ್ನು ಹೇಳಿದನು. ಯಾರು ಎಲ್ಲಿಂದ ಬಂದರು, ಯಾರಿಗೆ ಎಷ್ಟು ಮಕ್ಕಳು, ಯಾವ ಮಗಳನ್ನು ಯಾವ ಊರಿಗೆ ಕೊಟ್ಟರು ಎಂಬುದೆಲ್ಲವೂ ಅವನ ನಾಲಗೆಯ ಮೇಲಿದ್ದಿತು. ನನ್ನ ಮಿತ್ರರು ಅವನಿಗೆ ಒಂದು ಚೀಲ ಜೋಳವನ್ನೂ ಒಂದು ಧೋತರವನ್ನೂ ಕೊಟ್ಟು ಕಳಿಸಿದರು.

ನನಗೆ ನಾಚಿಕೆಯಾಯಿತು. ನಾನು ಸಂಸ್ಕೃತವನ್ನೋದಿ ಮೂವತ್ತೈದು ವರ್ಷ ಪಾಠ ಹೇಳಿದವನು. ಹಿರಿಯರಿಗೆ ನಮಸ್ಕರಿಸುವಾಗ ಗೋತ್ರವನ್ನೂ ಪ್ರವರವನ್ನೂ ಹೇಳಿ, ಇಂಥಿಂಥ ಋಷಿಗಳ ಸಂತಾನವೆಂದು ಕಿವಿ ಮುಟ್ಟಿಕೊಳ್ಳುವವನು. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂವರ ಹೆಸರು ಹೇಳಬಲ್ಲೆನು. ಈ ತುದಿಗೆ ಮುತ್ತಜ್ಜ, ಆ ತುದಿಗೆ ಋಷಿ. ನಡುವೆ ಎಷ್ಟು ಸಾವಿರ ವರ್ಷಗಳೋ, ಅಷ್ಟೂ ಕತ್ತಲೆ. ಒಂದು ಚೀಲ ಜೋಳಕ್ಕೆ ನನ್ನ ಮಿತ್ರರು ಪಡೆದ ಸಂಪತ್ತು ನನ್ನಲ್ಲಿಲ್ಲ. ಆ ದಿನದಿಂದ ನನಗೆ ಪೂರ್ವಜರನ್ನು ಹುಡುಕುವ ಹುಚ್ಚು ಹತ್ತಿತು.

ಹುಚ್ಚು ಹತ್ತಿದರೂ ಲೆಕ್ಕ ಬರೆಯುವ ಅಭ್ಯಾಸ ಬಿಡಲಿಲ್ಲ. ಈ ಶೋಧನೆಗೆಂದೇ ಒಂದು ಬೇರೆ ವಹಿಯನ್ನು ಹೊಲಿದುಕೊಂಡು, ಬಸ್ಸಿನ ಚೀಟಿಯಿಂದ ಮೊದಲ್ಗೊಂಡು ಚಹದ ಖರ್ಚಿನ ವರೆಗೆ ಬರೆದಿಟ್ಟಿದ್ದೇನೆ. ಈ ಹವ್ಯಾಸಕ್ಕೆ ಏನು ಬಿದ್ದೀತೆಂದು ಹಲವರು ನನ್ನನ್ನು ಕೇಳಿರುವರು. ಆ ವಹಿಯನ್ನೇ ಮುಂದಿಟ್ಟುಕೊಂಡು ಉತ್ತರ ಹೇಳುತ್ತೇನೆ.

ಬೆಂಗಳೂರಿನಲ್ಲಿರುವ ನನ್ನ ಮಗನು, "ಅಪ್ಪಾ, ಇದಕ್ಕೆ ಊರೂರು ತಿರುಗುವುದೇಕೆ? ಮನೆಯಲ್ಲಿ ಕುಳಿತು ಗಣಕಯಂತ್ರದಲ್ಲಿಯೇ ನೋಡಬಹುದು" ಎಂದನು. ಆಂಗ್ಲರಿಗೆ ಅದು ನಿಜವಾದ ಮಾತು. ಅವರ ಚರ್ಚುಗಳು ನಾಮಕರಣ, ವಿವಾಹ, ಸಮಾಧಿಗಳನ್ನು ಹದಿನಾರನೆಯ ಶತಮಾನದಿಂದ ಬರೆದಿಟ್ಟಿವೆ. ಅಮೆರಿಕದ ಯೂಟಾ ಪ್ರಾಂತ್ಯದ ಸಂಸ್ಥೆಯೊಂದು ಕಳೆದ ಶತಮಾನದಲ್ಲಿ ನಮ್ಮ ಹರಿದ್ವಾರದ ಪಂಡಾಗಳ ವಹಿಗಳನ್ನು ಸಹ ಛಾಯಾಚಿತ್ರ ಮಾಡಿಕೊಂಡು ಹೋಗಿದೆ. ಆದರೆ ನಮ್ಮ ಮನೆತನದ ಹೆಸರು ಆ ಯಂತ್ರದಲ್ಲಿ ಎಲ್ಲಿಯೂ ಮೂಡಲಿಲ್ಲ.

ನಮ್ಮಲ್ಲಿ ಜನನ ಮರಣಗಳ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾಯಿದೆ ಬಂದದ್ದು ೧೯೬೯ರಲ್ಲಿ. ಬಂದ ಮೇಲೆಯೂ ಹಳ್ಳಿಗಳಲ್ಲಿ ಹುಟ್ಟಿದ ದಿನಕ್ಕೆ ಬಹುಕಾಲ ಶಾಲೆಯ ದಾಖಲೆ ಪುಸ್ತಕವೇ ಆಧಾರವಾಗಿದ್ದಿತು. ಆ ಪುಸ್ತಕದ ಸತ್ಯಾಸತ್ಯವು ನನಗೆ ಚೆನ್ನಾಗಿ ಗೊತ್ತು. ಮಗುವನ್ನು ಕರೆತಂದ ತಂದೆಗೆ ತಿಥಿ ಗೊತ್ತಿಲ್ಲ. "ಆ ವರ್ಷ ಹೊಳೆ ಬಂದಿತ್ತರೀ" ಎನ್ನುವನು. ಮಾಸ್ತರನು ಲೇಖನಿಯನ್ನೆತ್ತಿ ಜೂನ್ ೧ ಎಂದು ಬರೆಯುವನು. ನಾನೇ ನೂರಾರು ಮಕ್ಕಳನ್ನು ಹೀಗೆ ಜೂನ್ ಒಂದನೆಯ ತಾರೀಖಿಗೆ ಹುಟ್ಟಿಸಿದ್ದೇನೆ. ಇಷ್ಟು ಬಲ್ಲವನಾಗಿಯೂ ನಾನು ಕಾಗದವೊಂದನ್ನೇ ನಂಬಿ ಹೊರಟೆನಲ್ಲ, ಅದೇ ನಾನು ಮಾಡಿದ ದೊಡ್ಡ ತಪ್ಪು. ಅದನ್ನು ಮುಂದೆ ಹೇಳುತ್ತೇನೆ.

ಬಾದಾಮಿ, ಬಾಗಲಕೋಟೆಯ ಕಡೆಯ ನಮ್ಮವರು ಹಿಂದೆ ಕಾಶಿಗೆ ಹೋಗಲಾರದಿದ್ದರೆ ಗೋದಾವರಿಗಾದರೂ ಹೋಗುತ್ತಿದ್ದರು. ನಾಸಿಕದ ತೀರ್ಥೋಪಾಧ್ಯಾಯರು ಹಾಗೆ ಬಂದ ಯಾತ್ರಿಕರ ಹೆಸರುಗಳನ್ನು ವಹಿಗಳಲ್ಲಿ ಬರೆಸಿಟ್ಟುಕೊಳ್ಳುವ ಪದ್ಧತಿಯಿದೆ. ಈ ವಹಿಗಳಿಗೆ ನಾಮಾವಳಿಯೆಂದು ಹೆಸರು. ಇಂಥ ಸೀಮೆ ಇಂಥ ಮನೆಯವರಿಗೆ ಎಂದು ಅವರಲ್ಲಿ ಹಂಚಿಕೆಯಿರುವುದರಿಂದ, ಊರಿನ ಹೆಸರು ಹೇಳಿದರೆ ವಹಿ ಯಾರ ಮನೆಯಲ್ಲಿದೆಯೆಂದು ತಿಳಿಯುವುದು. ನಾನು ಧಾರವಾಡದಲ್ಲಿ ರಾತ್ರಿಯ ಗಾಡಿ ಹತ್ತಿ ಬೆಳಿಗ್ಗೆ ಪುಣೆಯಲ್ಲಿಳಿದೆನು. ಪುಣೆಯಿಂದ ನಾಸಿಕಕ್ಕೆ ನೇರವಾದ ರೈಲುಮಾರ್ಗವಿಲ್ಲ. ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಬಸ್ಸಿನಲ್ಲಿಯೇ ಕ್ರಮಿಸಬೇಕು. ನಾರಾಯಣಗಾವ, ಸಂಗಮನೇರ, ಸಿನ್ನರ ಎಂದು ಊರುಗಳು ಹಿಂದೆ ಸರಿದವು. ನಮ್ಮ ಎರೆಹೊಲಗಳನ್ನು ಕಂಡ ಕಣ್ಣಿಗೆ ಅಲ್ಲಿಯ ಉಳ್ಳಾಗಡ್ಡಿಯ ಪಾತಿಗಳೂ, ನಾಸಿಕದ ಸುತ್ತಿನ ದ್ರಾಕ್ಷಿಯ ತೋಟಗಳೂ ಹೊಸವಾಗಿ ಕಂಡವು.

ನಾಸಿಕಕ್ಕೆ ಮುಟ್ಟಿದ ಸಂಜೆಯೇ ರಾಮಕುಂಡಕ್ಕೆ ಹೋದೆನು. ಇಲ್ಲಿಂದ ಸುಮಾರು ಮೂವತ್ತು ಕಿಲೋಮೀಟರು ದೂರದ ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ ಹುಟ್ಟುವ ಗೋದಾವರಿಯು ಇಲ್ಲಿ ಇನ್ನೂ ಕೂಸು. ರಾಜಮಹೇಂದ್ರಿಯ ಬಳಿ ಸಮುದ್ರದಂತೆ ಹರಡುವ ನದಿ ಇದೇ ಎಂದರೆ ನಂಬಿಕೆ ಬಾರದು. ರಾಮನು ದಶರಥನಿಗೆ ಪಿಂಡ ಕೊಟ್ಟುದು ಇಲ್ಲಿಯೇ ಎಂಬ ನಂಬಿಕೆಯಿಂದ ಜನರು ಅಸ್ಥಿಗಳನ್ನು ತಂದು ಈ ಕುಂಡದಲ್ಲಿ ಬಿಡುತ್ತಾರೆ. ಒಂದು ಮೆಟ್ಟಲಿನ ಮೇಲೆ ತಲೆ ಬೋಳಿಸಿಕೊಂಡ ಮಗನು ಅಳುತ್ತಿದ್ದನು. ಮತ್ತೊಂದು ಮೆಟ್ಟಲಿನ ಮೇಲೆ ಹುಡುಗರು ನೀರಿಗೆ ಹಾರುತ್ತಿದ್ದರು. ಪಕ್ಕದಲ್ಲಿ ಕೊತ್ತಂಬರಿಯ ಸೂಡು ಮಾರುವ ಮುದುಕಿ ಕುಳಿತಿದ್ದಳು. ತೀರ್ಥಕ್ಷೇತ್ರವೆಂದರೆ ಹೀಗೆಯೇ, ಅಲ್ಲಿ ದುಃಖಕ್ಕೆಂದು ಬೇರೆ ಸ್ಥಳವಿಲ್ಲ.

ಚೀಲವನ್ನು ಹೆಗಲಿಗೇರಿಸಿ ನಿಂತ ನನ್ನನ್ನು ಕಂಡೊಡನೆ ಇಬ್ಬರು ಯುವಕರು "ಕೋಣತಂ ಗಾವ?" ಎಂದು ಕೇಳಿದರು. ಯಾವ ಊರು ಎಂಬುದೊಂದೇ ಪ್ರಶ್ನೆ. ಊರು, ತಾಲೂಕು, ಅಡ್ಡಹೆಸರುಗಳನ್ನು ಹೇಳುತ್ತಲೇ ಅವರಲ್ಲೊಬ್ಬನು ಪಂಚವಟಿಯ ಒಂದು ಓಣಿಯ ಮನೆಯನ್ನು ತೋರಿಸಿದನು. ಆದರೆ ಆ ಮನೆಯ ಹಿರಿಯರು ಮಗಳ ಊರಿಗೆ ಹೋಗಿದ್ದರು. ವಹಿಗಳ ಪೆಟ್ಟಿಗೆಯ ಕೀಲಿಯೂ ಅವರ ಜನಿವಾರಕ್ಕೆ ಕಟ್ಟಿಕೊಂಡೇ ಹೋಗಿದ್ದಿತು. ಎರಡು ದಿವಸ ಕಾಯ್ದು ಬರಿಗೈಯಿಂದ ಮರಳಿದೆನು. ಹೊರಡುವ ಮುಂಚೆ ಪತ್ರ ಬರೆದು ಕೇಳಿಕೊಂಡಿದ್ದರೆ ಈ ಖರ್ಚು ಉಳಿಯುತ್ತಿತ್ತು. ಹವ್ಯಾಸಿಗಳು ನನ್ನ ವಹಿಯಿಂದ ಮೊದಲು ಕಲಿಯತಕ್ಕ ಪಾಠ ಇದು.

ಆ ಎರಡು ದಿವಸ ಮಾತ್ರ ವ್ಯರ್ಥವಾಗಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪೇಶ್ವೆಯರ ಸರದಾರ ಓಢೇಕರರು ಕಟ್ಟಿಸಿದ ಕಾಳಾರಾಮನ ಗುಡಿಯನ್ನು ನೋಡಿದೆನು. ಕಪ್ಪು ಕಲ್ಲಿನ ಗಂಭೀರವಾದ ಕಟ್ಟಡ. ಸುತ್ತಲೂ ಎತ್ತರವಾದ ಪೌಳಿ, ನಾಲ್ಕು ದಿಕ್ಕಿಗೆ ದ್ವಾರಗಳು. ೧೯೩೦ರ ಮಾರ್ಚಿ ೨ನೆಯ ತಾರೀಖಿಗೆ ಡಾಕ್ಟರ್ ಅಂಬೇಡಕರರ ನೇತೃತ್ವದಲ್ಲಿ ಸಾವಿರಾರು ಜನರು ಈ ಗುಡಿಯ ಪ್ರವೇಶಕ್ಕಾಗಿ ಸತ್ಯಾಗ್ರಹ ಹೂಡಿದರು. ಈ ದ್ವಾರಗಳು ಆಗ ಅವರಿಗೆ ತೆರೆಯಲಿಲ್ಲ. ಆ ಬಾಗಿಲಲ್ಲಿ ನಿಂತಾಗ ನನಗೊಂದು ಮಾತು ಹೊಳೆಯಿತು. ನಾನು ರೊಕ್ಕ ಖರ್ಚು ಮಾಡಿದರೆ ನನ್ನ ಹಿರಿಯರ ಹೆಸರು ಇಲ್ಲಿ ಸಿಕ್ಕೀತು. ಯಾರ ಹಿರಿಯರನ್ನು ಹೊಸ್ತಿಲ ಒಳಗೆ ಬಿಡಲಿಲ್ಲವೋ ಅವರ ಹೆಸರನ್ನು ಯಾವ ವಹಿಯಲ್ಲಿ ಹುಡುಕಬೇಕು? ಎಷ್ಟು ಖರ್ಚು ಮಾಡಿದರೂ ಸಿಗದ ಹೆಸರುಗಳು ಉಂಟು ಎಂಬುದನ್ನು ನಾನು ಅಲ್ಲಿ ಮೊದಲ ಸಲ ಮನಗಂಡೆನು. ಎರಡನೆಯ ಸಲ ಅದು ನನ್ನ ಮನೆಯಲ್ಲಿಯೇ ಅನುಭವಕ್ಕೆ ಬಂದಿತು.

ಮೂರು ತಿಂಗಳ ತರುವಾಯ, ಈ ಸಲ ಮೊದಲೇ ಕೇಳಿಕೊಂಡು, ಮತ್ತೆ ನಾಸಿಕಕ್ಕೆ ಹೋದೆನು. ಉಪಾಧ್ಯಾಯರು ಎಪ್ಪತ್ತೈದರ ವೃದ್ಧರು, ಸಜ್ಜನರು. ಕೆಂಪು ಅರಿವೆಯಲ್ಲಿ ಕಟ್ಟಿದ ಗಂಟುಗಳನ್ನು ಬಿಚ್ಚಿ, ಮೊಳದುದ್ದದ ವಹಿಯೊಂದನ್ನು ತೆಗೆದರು. ಬರವಣಿಗೆಯೆಲ್ಲ ಮೋಡಿ ಲಿಪಿ. ಲೇಖನಿಯನ್ನೆತ್ತದೆ ಓಡುವ ಅಕ್ಷರ. ನಮ್ಮ ಸೀಮೆಯೂ ಮುಂಬಯಿ ಇಲಾಖೆಗೆ ಸೇರಿದ್ದುದರಿಂದ ನಮ್ಮ ಅಜ್ಜಂದಿರು ಇದನ್ನು ನೀರು ಕುಡಿದಂತೆ ಓದುತ್ತಿದ್ದರು. ನನಗೆ ಒಂದಕ್ಷರವೂ ತಿಳಿಯದು. ವೃದ್ಧರು ಬೆರಳಿಟ್ಟು ಹುಡುಕುತ್ತ ಅರ್ಧ ಗಂಟೆಯಾದ ಮೇಲೆ ನಿಂತು, ನನ್ನ ಮುಖವನ್ನು ನೋಡಿ, ಓದತೊಡಗಿದರು.

ಶಕೆ ೧೮೦೩, ವೃಷನಾಮ ಸಂವತ್ಸರ, ಕಾರ್ತಿಕಮಾಸ. ಎಂದರೆ ೧೮೮೧ನೆಯ ಇಸವಿ. ಜಿಲ್ಲೆ ಕಲಾದಗಿ. ಆಗ ಕಲಾದಗಿಯೇ ನಮ್ಮ ಜಿಲ್ಲೆಯ ಮುಖ್ಯ ಪಟ್ಟಣವಾಗಿದ್ದಿತು. ೧೮೮೫ರಲ್ಲಿ ಆ ಪದವಿಯು ವಿಜಾಪುರಕ್ಕೆ ಹೋಯಿತು. ಬಂದವರು ನನ್ನ ಮುತ್ತಜ್ಜನ ತಂದೆ. ಅವರ ತಂದೆಯ ಹೆಸರು, ಅಜ್ಜನ ಹೆಸರು. ಮಕ್ಕಳಿಬ್ಬರು, ಅವರಲ್ಲಿ ಹಿರಿಯವನೆಂದು ಬರೆದ ಹುಡುಗನೇ ನಾನು ಶ್ರಾದ್ಧದಲ್ಲಿ ಪ್ರಪಿತಾಮಹನೆಂದು ಕರೆಯುವ ಮುತ್ತಜ್ಜ. ನನ್ನನ್ನು ಹಿಡಿದು ಎಣಿಸಿದರೆ ಸರಿಯಾಗಿ ಏಳು ತಲೆಗಳಾದವು. ಸಾಪಿಂಡ್ಯಕ್ಕೆ ಧರ್ಮಶಾಸ್ತ್ರವು ಹೇಳುವುದೂ ಏಳೇ. ಅನಂತರ ಯಾತ್ರೆಯ ಕಾರಣ: ದುಷ್ಕಾಳದಲ್ಲಿ ತೀರಿಕೊಂಡ ತಮ್ಮನಿಗೂ ತಮ್ಮನ ಮಗನಿಗೂ ಕ್ರಿಯೆ ಮಾಡಲು ಕುಟುಂಬಸಹಿತರಾಗಿ ಬಂದರು. ಅಷ್ಟು ಮೋಡಿಯ ಕೆಳಗೆ, ಪುಟದ ತುದಿಗೆ, ಗುಂಡಗಾದ ಕನ್ನಡ ಅಕ್ಷರಗಳಲ್ಲಿ ಅವರ ರುಜು. ಕಾಗದದ ಮೇಲೆ ನನಗೆ ಓದಲು ಬಂದುದು ಅದೊಂದೇ ಸಾಲು. ಕನ್ನಡಕವನ್ನು ತೆಗೆದು ಒರಸಿಕೊಳ್ಳಬೇಕಾಯಿತು.

ದುಷ್ಕಾಳವೆಂದರೆ ಯಾವುದೆಂದು ಕೇಳಬೇಕಾಗಿರಲಿಲ್ಲ. ೧೮೭೬ರಿಂದ ೧೮೭೮ರ ವರೆಗಿನ ಆ ಮಹಾಕ್ಷಾಮವು ಕಲಾದಗಿ, ಧಾರವಾಡ, ಬಳ್ಳಾರಿಯ ಸೀಮೆಗಳನ್ನೂ ಮೈಸೂರನ್ನೂ ಬಳಿದುಕೊಂಡು ಹೋಯಿತು. ಆ ಎರಡು ಸಂವತ್ಸರಗಳ ಹೆಸರು ಧಾತು, ಈಶ್ವರ. ಮೈಸೂರಿನ ಕಡೆಯ ಹಳಬರು ಅದನ್ನು ಧಾತು ಈಶ್ವರನ ಬರವೆಂದೇ ಕರೆಯುತ್ತಿದ್ದರು. ನಮ್ಮ ಮನೆಯಲ್ಲಿಯೂ ಅದು ಇಬ್ಬರನ್ನು ತಿಂದಿತೆಂಬುದನ್ನು ನನ್ನ ತಂದೆಯವರು ಎಂದೂ ಹೇಳಿರಲಿಲ್ಲ.

ಕುಟುಂಬಸಹಿತ ಎಂಬಲ್ಲಿ ಹೆಂಗಸರ ಹೆಸರುಗಳೇನೆಂದು ಕೇಳಿದೆನು. "ಬರೆದಿಲ್ಲ. ಈ ಪುಟದಲ್ಲಿ ಬರೆದವರು ಕಡಿಮೆ" ಎಂದರು ವೃದ್ಧರು. ನಾನು ನನ್ನ ಹೆಸರನ್ನು ಬರೆಯುವಾಗ ಹೆಂಡತಿಯ ಹೆಸರನ್ನೂ ಹೆಣ್ಣುಮಕ್ಕಳ ಹೆಸರನ್ನೂ ಬರೆದೆನು. ಅವರು ಅದಕ್ಕೆ ಅಡ್ಡಿ ಹೇಳಲಿಲ್ಲ. ದಕ್ಷಿಣೆ ಎಷ್ಟೆಂದು ಕೇಳಿದರೆ ಇಚ್ಛೆಯಿದ್ದಷ್ಟು ಎಂದರು. ತಮ್ಮ ಮಕ್ಕಳು ಮುಂಬಯಿಯಲ್ಲಿ ನೌಕರಿಯಲ್ಲಿರುವರೆಂದೂ, ತಮ್ಮ ಹಿಂದೆ ಈ ಗಂಟುಗಳನ್ನು ಬಿಚ್ಚುವವರು ಯಾರೋ ತಿಳಿಯದೆಂದೂ ಹೇಳಿ, ನನ್ನ ಏಳು ತಲೆಗಳನ್ನು ಮತ್ತೆ ಕೆಂಪು ಅರಿವೆಯಲ್ಲಿ ಕಟ್ಟಿದರು.

ಊರಿಗೆ ಬಂದ ಮೇಲೆ ಬಾದಾಮಿ ತಾಲೂಕಿನ ಹಳ್ಳಿಯಿಂದ ದೂರವಾಣಿ ಬಂದಿತು. ಅಲ್ಲಿ ನನ್ನ ಸೋದರತ್ತೆ, ನನ್ನ ತಂದೆಯ ಕೊನೆಯ ತಂಗಿ, ಮಗ ಸೊಸೆಯರೊಡನೆ ಇದ್ದರು. ಆಗ ಅವರಿಗೆ ಎಂಬತ್ತಾರು. ನಾನು ನಾಸಿಕಕ್ಕೆ ಹೋದ ಸುದ್ದಿ ಅವರಿಗೆ ಮುಟ್ಟಿದ್ದಿತು. ಸೊಸೆಯ ಕೈಯಿಂದ ಹೇಳಿಸಿದರು: "ತಮ್ಮಗ ಬಂದು ಹೋಗು ಅನ್ನು. ಹಳೇ ಮಾತು ಹೇಳೋದದ." ನಾನು ಬರುತ್ತೇನೆಂದೆನು. ಆದರೆ ಮನಸ್ಸು ಪುಣೆಯಲ್ಲಿದ್ದಿತು. ಮುದುಕಿಯ ಕಥೆ ಎಲ್ಲಿಗೆ ಓಡಿಹೋದೀತು, ಮೊದಲು ಕಾಗದ ಸಿಗಲಿ ಎಂದುಕೊಂಡೆನು.

ಪುಣೆಯ ದಫ್ತರದಲ್ಲಿ ಪೇಶ್ವೆಯರ ಕಾಲದ ಕಾಗದಗಳು ಕೋಟಿಗಟ್ಟಲೆ ಇವೆ. ಗೋವಿಂದ ಸಖಾರಾಮ ಸರದೇಸಾಯಿಯವರು ಅವುಗಳಿಂದ ಆಯ್ದು ೧೯೩೦ರಿಂದ ಮುಂದೆ ೪೫ ಸಂಪುಟಗಳನ್ನು ಪ್ರಕಟಿಸಿದರು. ಆದರೂ ಅದು ಕಣಜದಿಂದ ಒಂದು ಬೊಗಸೆ ಮಾತ್ರ. ೧೮೫೨ರ ಕಾಯಿದೆಯ ಪ್ರಕಾರ ಇನಾಮು ಭೂಮಿಗಳ ವಿಚಾರಣೆಯು ನಡೆದಾಗ ನಮ್ಮ ಸೀಮೆಯ ಎಷ್ಟೋ ಮನೆತನಗಳು ತಮ್ಮ ಹಕ್ಕನ್ನು ತೋರಿಸಲು ವಂಶಾವಳಿಗಳನ್ನು ಬರೆದುಕೊಟ್ಟಿದ್ದವು. ಅಂಥದೊಂದು ಸಿಕ್ಕೀತೆಂಬ ಆಶೆಯಿಂದ ಹನ್ನೊಂದು ದಿವಸ ಪುಣೆಯಲ್ಲಿದ್ದೆನು. ಮೋಡಿ ಬಲ್ಲ ಗೃಹಸ್ಥರೊಬ್ಬರಿಗೆ ಪುಟಕ್ಕೆ ಇಷ್ಟೆಂದು ಕೊಟ್ಟು ಓದಿಸಿದೆನು. ನಮ್ಮ ಊರಿನ ಗೌಡರ ಹೆಸರು ಸಿಕ್ಕಿತು. ಕುಲಕರ್ಣಿಯ ಹೆಸರು ಸಿಕ್ಕಿತು. ನಮ್ಮ ಮನೆತನಕ್ಕೆ ಸಂಬಂಧಿಸಿದುದು ಒಂದೇ ಒಂದು ಸಾಲು, ಅದೂ ನಾಸಿಕದಲ್ಲಿ ಸಿಕ್ಕ ಹೆಸರೇ. ಆ ಹನ್ನೊಂದು ದಿವಸಗಳಲ್ಲಿ ಅತ್ತೆಯ ಮನೆಯಿಂದ ಇನ್ನೊಮ್ಮೆ ಕರೆ ಬಂದಿತು.

ಪುಣೆಯಿಂದ ಬಂದವನು, ಆ ತಮ್ಮನ ಪಾಲಿನ ಹೊಲ ಏನಾಯಿತೆಂದು ತಿಳಿಯಲು ನೋಂದಣಿಯ ಕಚೇರಿಗಳ ಬಾಗಿಲು ಬಡಿದೆನು. ಆಗ ಒಂದು ವಿನೋದವೂ ನಡೆಯಿತು. ನಮ್ಮ ದೇಶದಲ್ಲಿ ವಂಶಾವಳಿಯು ಬೇಕಾಗುವುದು ವಾರಸಾ ಮಾಡಿಸುವಾಗ, ಇಲ್ಲವೆ ಕೋರ್ಟಿಗೆ ಹೋಗುವಾಗ. ಒಬ್ಬನು ಸುಮ್ಮನೆ, ಸಂತೋಷಕ್ಕಾಗಿ, ಅಜ್ಜನ ಹೆಸರು ಕೇಳುತ್ತಾನೆಂದರೆ ಯಾರು ನಂಬಿಯಾರು? ಹತ್ತು ವರ್ಷ ನನ್ನ ಮನೆಯ ಮೆಟ್ಟಲು ಹತ್ತದ ದಾಯಾದಿಯ ಮಕ್ಕಳಿಬ್ಬರು ಒಂದು ಮುಂಜಾನೆ ಬಂದು ಕುಳಿತು, ಚಹ ಕುಡಿದು, ಮೆಲ್ಲನೆ "ಕಾಕಾ, ಯಾವ ಸರ್ವೆ ನಂಬರು?" ಎಂದು ಕೇಳಿದರು. ಯಾವುದೂ ಇಲ್ಲವೆಂದು ಎಷ್ಟು ಹೇಳಿದರೂ ಅವರ ಸಂಶಯ ಹೋಗಲಿಲ್ಲ. ಮರುತಿಂಗಳು ಅವರ ಮನೆಯ ಮುಂಜಿವೆಗೆ ನನಗೆ ಆಮಂತ್ರಣ ಬರಲಿಲ್ಲ. ಇದನ್ನು ಖರ್ಚಿನ ಪುಸ್ತಕದಲ್ಲಿ ಯಾವ ತಲೆಬರಹದ ಕೆಳಗೆ ಬರೆಯಬೇಕೆಂದು ತಿಳಿಯದೆ ಬಿಟ್ಟುಬಿಟ್ಟಿದ್ದೇನೆ.

ಕೊನೆಗೊಂದು ಖರೀದಿಪತ್ರದ ನಕಲು ದೊರೆಯಿತು. ೧೮೭೮ನೆಯ ಇಸವಿಯದು. ತೀರಿಕೊಂಡ ತಮ್ಮನ ವಿಧವೆಯು, ತನಗೆ ಅನ್ನಕ್ಕೆ ಬೇರೆ ಗತಿಯಿಲ್ಲವೆಂದು, ಗಂಡನ ಪಾಲಿಗೆ ಬಂದ ಎರಡು ಹೊಲಗಳನ್ನು ನಾಲ್ವತ್ತು ರೂಪಾಯಿಗೆ ಮಾರಿ ಹೆಬ್ಬೆಟ್ಟು ಒತ್ತಿದ್ದಾಳೆ. ಕೊಂಡವನು ಅವಳ ಸ್ವಂತ ಭಾವ. ನಾಸಿಕದಲ್ಲಿ ಗುಂಡಗಿನ ಕನ್ನಡದಲ್ಲಿ ರುಜು ಮಾಡಿದ ಅದೇ ಪುರುಷ. ಪತ್ರದಲ್ಲಿ ಅವಳನ್ನು ಇಂಥವನ ಹೆಂಡತಿಯೆಂದು ಹೇಳಿದೆ. ಅವಳ ಹೆಸರಿರಬೇಕಾದ ಸ್ಥಳದಲ್ಲಿ ಹುಳು ಹಿಡಿದು ಕಾಗದ ಹರಿದಿದೆ.

ಆಪತ್ತಿನಲ್ಲಿ ವಿಧವೆಯು ಗಂಡನ ಆಸ್ತಿಯನ್ನು ಮಾರಬಹುದೆಂದು ಧರ್ಮಶಾಸ್ತ್ರದ ವ್ಯವಹಾರಕಾಂಡವನ್ನೋದಿದವರು ಬಲ್ಲರು. ಶಾಸ್ತ್ರಕ್ಕೆ ಲೋಪವಿಲ್ಲ, ಕಾಯಿದೆಗೂ ಲೋಪವಿಲ್ಲ. ಆದರೆ ಹಸಿದ ನಾದಿನಿಗೆ ಅನ್ನ ಹಾಕಬೇಕಾದ ಮನೆಯು ಅವಳಿಂದ ಹೊಲ ಬರೆಸಿಕೊಂಡಿತು ಎಂಬುದನ್ನು ಯಾವ ಶಾಸ್ತ್ರದಿಂದ ಮುಚ್ಚಲಿ? ಮೂರು ವರ್ಷಗಳ ಮೇಲೆ ನಾಸಿಕಕ್ಕೆ ಹೋಗಿ ತಮ್ಮನಿಗೆ ಪಿಂಡ ಕೊಟ್ಟನಲ್ಲ, ಆ ನಾಮಾವಳಿಯಲ್ಲಿ ಅವಳು ಸತ್ತವರಲ್ಲಿಯೂ ಇಲ್ಲ, ಬದುಕಿದವರಲ್ಲಿಯೂ ಇಲ್ಲ. ನಾನು ತರಗತಿಯಲ್ಲಿ ರಘುವಂಶವನ್ನು ಎಷ್ಟೋ ಸಲ ಪಾಠ ಹೇಳಿದವನು. ರಘುವಿನಿಂದ, ಅಜನಿಂದ, ರಾಮನಿಂದ ಬೆಳಗಿದ ಆ ಕಾವ್ಯವನ್ನು ಕಾಳಿದಾಸನು ಹತ್ತೊಂಬತ್ತನೆಯ ಸರ್ಗದಲ್ಲಿ ವಿಷಯಲಂಪಟನಾದ ಅಗ್ನಿವರ್ಣನವರೆಗೆ ತಂದು ಬಿಡುತ್ತಾನೆ. ವಂಶವನ್ನು ಹುಡುಕುವವರು ರಘುವಿಗಾಗಿಯೇ ಹೊರಡುತ್ತಾರೆ. ಅಗ್ನಿವರ್ಣನ ಭೆಟ್ಟಿಗೂ ಸಿದ್ಧರಾಗಿರಬೇಕು.

ಆ ಎರಡು ಹೊಲಗಳು ೧೯೭೪ರ ಭೂಸುಧಾರಣೆಯ ಕಾಯಿದೆಯಿಂದ ಉಳುವವರ ಪಾಲಾಗಿ ಹೋದವು. ಹೊಲ ಹೋಯಿತು, ಋಣ ಉಳಿಯಿತು. ಅವಳು ಮುಂದೆ ಏನಾದಳು, ಎಲ್ಲಿಗೆ ಹೋದಳು ಎಂಬ ಚಿಂತೆಯಲ್ಲಿ ನಾನು ನಿದ್ರೆಗೆಟ್ಟು ಕುಳಿತಿರಲು ನನ್ನ ಹೆಂಡತಿ ಬಂದು, "ಸತ್ತವರ ಮನಿಗೆ ಇಷ್ಟು ಸಲ ಹೋಗಿ ಬಂದ್ರಿ, ಇದ್ದವರ ಮನಿಗೆ ಒಮ್ಮೆ ಹೋಗಿ ಬರ್ರಿ" ಎಂದಳು.

ಮರುದಿನವೇ ಹೊರಟೆನು. ಧಾರವಾಡದಿಂದ ಆ ಹಳ್ಳಿಗೆ ಬಸ್ಸಿನ ಖರ್ಚು ಹೋಗಿ ಬರಲು ೨೬೦ ರೂಪಾಯಿ. ಮಲಪ್ರಭೆಯ ದಂಡೆಯ ಆ ಮನೆಯ ಪಡಸಾಲೆಯಲ್ಲಿ ಅತ್ತೆಯು ಗೋಡೆಗೆ ಒರಗಿ ಕುಳಿತಿದ್ದರು. ನನ್ನನ್ನು ಕಂಡು ಮುಖವರಳಿತು. "ಅಣ್ಣಾ, ಯಾವಾಗ ಬಂದಿ? ಊಟ ಆತೇನು?" ಎಂದರು. ಅಣ್ಣನೆಂದರೆ ನನ್ನ ತಂದೆ; ಅವರು ತೀರಿಕೊಂಡು ಹದಿನೆಂಟು ವರ್ಷವಾಗಿದೆ. ಯುಗಾದಿಯ ಮುಂದೆ ಅವರಿಗೆ ಸಣ್ಣದೊಂದು ಲಕ್ವ ಹೊಡೆದಿತ್ತೆಂದೂ, ಅಂದಿನಿಂದ ನೆನಪು ಹೀಗೆಯೇ ಇದೆಯೆಂದೂ ಸೊಸೆ ಹೇಳಿದಳು. ನಾನು ತಂದ ವಂಶವೃಕ್ಷದ ದೊಡ್ಡ ಹಾಳೆಯನ್ನು ಅವರ ಮುಂದೆ ಹಾಸಿ, "ಅತ್ಯಾ, ಬರದಾಗ ಹೊಲಾ ಮಾರಿದಾಕಿ ಯಾರು? ಆಕಿ ಹೆಸರೇನು?" ಎಂದು ಕೇಳಿದೆನು. ಅವರು ಹಾಳೆಯನ್ನು ಸವರಿ ನೋಡಿ, "ಚೊಲೋ ಅದ" ಎಂದರು. ಅಷ್ಟೇ.

ಸೊಸೆ ಒಳಗೆ ರೊಟ್ಟಿ ಬಡಿಯುತ್ತ ಹೇಳಿದಳು: "ಹೋದ ವರ್ಷ ಎಲ್ಲಾ ಹೇಳತಿದ್ರು ನೋಡ್ರಿ. ನೀವು ಬರತೀರಂತ ದಿನಾ ಬಾಗಲಾ ನೋಡತಿದ್ರು. ನಮಗ ಬರಕೋಬೇಕಂತ ತಿಳೀಲಿಲ್ಲ." ಆಮೇಲೆ ನೆನಪಾದಂತೆ ಇನ್ನೊಂದು ಮಾತು ಹೇಳಿದಳು. ಮಹಾಲಯದ ಅಮಾವಾಸ್ಯೆಯ ದಿನ, ಎಲ್ಲರ ಎಡೆಗಳಾದ ಮೇಲೆ, ಅತ್ತೆಯವರು ಹಿತ್ತಲ ಬಾಗಿಲ ಹೊರಗೆ ಒಂದು ರೊಟ್ಟಿಯನ್ನಿಡುತ್ತಿದ್ದರಂತೆ. ಯಾರಿಗೆಂದು ಕೇಳಿದರೆ, "ಹಸಿದು ಹೋದಾಕಿಗೆ. ನಮ್ಮಜ್ಜಿ ಇಡತಿದ್ಲು, ನಾನೂ ಇಡತೀನಿ" ಎನ್ನುತ್ತಿದ್ದರಂತೆ. ಆ ಅಜ್ಜಿ ನನ್ನ ಮುತ್ತಜ್ಜನ ಹೆಂಡತಿ. ಬರ ಕಳೆದ ಕೆಲವೇ ವರ್ಷಗಳಲ್ಲಿ ಆ ಮನೆಗೆ ಸೊಸೆಯಾಗಿ ಬಂದವರು.

ನಾನು ನಾಸಿಕದಲ್ಲಿ, ಪುಣೆಯಲ್ಲಿ, ಕಚೇರಿಗಳಲ್ಲಿ ಹುಡುಕಿದುದು ಈ ಹಿತ್ತಲ ಬಾಗಿಲಲ್ಲಿ ನೂರು ವರ್ಷಗಳಿಗೂ ಮಿಕ್ಕಿ ಪ್ರತಿವರ್ಷವೂ ಇದ್ದಿತು. ಗಂಡಸರು ಬರೆದ ವಹಿಗಳು ಅವಳನ್ನು ಬಿಟ್ಟುಬಿಟ್ಟವು. ಹೆಂಗಸರು ಒಂದು ರೊಟ್ಟಿಯಿಂದ ಅವಳನ್ನು ಉಳಿಸಿಕೊಂಡು ಬಂದರು. ಅವಳ ಹೆಸರು ಗೊತ್ತಿದ್ದ ಕೊನೆಯ ವ್ಯಕ್ತಿ ನನ್ನ ಮುಂದೆ ಕುಳಿತು ನನ್ನನ್ನು ಅಣ್ಣನೆಂದು ಕರೆಯುತ್ತಿದ್ದರು. ನಾನು ಆರು ತಿಂಗಳು ತಡವಾಗಿ ಬಂದಿದ್ದೆನು. ಅತ್ತೆಯು ಆ ಶ್ರಾವಣದಲ್ಲಿ ತೀರಿಕೊಂಡರು.

ಈಗ ಲೆಕ್ಕ. ನಾಸ��ಕಕ್ಕೆ ಎರಡು ಸಲ ಹೋಗಿ ಬಂದುದಕ್ಕೆ ೧೬,೩೫೦ ರೂಪಾಯಿ; ಪುಣೆಯ ವಾಸಕ್ಕೆ ೧೮,೯೦೦; ಮೋಡಿ ಓದಿಸಿದ್ದಕ್ಕೆ ೯,೬೦೦; ನಕಲು ಮತ್ತು ಶೋಧದ ಶುಲ್ಕ ೪,೨೫೦; ದಕ್ಷಿಣೆ ೫,೧೦೦; ಪುಸ್ತಕಗಳಿಗೆ ೩,೬೪೦. ಒಟ್ಟು ೫೭,೮೪೦ ರೂಪಾಯಿ. ಪಿಂಚಣಿಯವನಿಗೆ ಇದು ಸಣ್ಣ ಮೊತ್ತವಲ್ಲ. ಆದರೆ ಇದಕ್ಕಾಗಿ ನಾನು ಪಶ್ಚಾತ್ತಾಪ ಪಡುವುದಿಲ್ಲ. ಗುಂಡಗಾದ ಆ ಕನ್ನಡದ ರುಜುವನ್ನು ಕಂಡುದಕ್ಕೆ ಅಷ್ಟು ಸಲ್ಲುವುದು. ನಾನು ತೆರಲಾರದೆ ಹೋದುದು ೨೬೦ ರೂಪಾಯಿಯ ಆ ಬಸ್ಸಿನ ಚೀಟಿ. ಅದನ್ನು ಸಕಾಲದಲ್ಲಿ ತೆತ್ತಿದ್ದರೆ ನನ್ನ ಹಾಳೆಯಲ್ಲಿ ಒಂದು ಹೆಸರು ಹೆಚ್ಚಾಗಿರುತ್ತಿತ್ತು.

ಆದುದರಿಂದ ಈ ಹವ್ಯಾಸಕ್ಕೆ ಕೈಹಾಕುವ ಗೃಹಸ್ಥರಿಗೆ ನನ್ನ ಸೂಚನೆ ಇಷ್ಟೇ. ವಹಿಗಳು ನೂರು ವರ್ಷ ಕಾಯ್ದಿವೆ. ಇನ್ನೊಂದು ವರ್ಷ ಕಾಯುತ್ತವೆ. ಮೊದಲು ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹಿರಿಯಳಾದ ಹೆಂಗಸಿನ ಬಳಿಗೆ ಕಾಗದ ಲೇಖನಿಗಳನ್ನು ತೆಗೆದುಕೊಂಡು ಹೋಗಿ ಕುಳಿತುಕೊಳ್ಳಿರಿ. ಅವರು ಏನಿಡುತ್ತಾರೆ, ಏನು ಹಾಡುತ್ತಾರೆ, ಯಾವ ದಿನ ಯಾರಿಗಾಗಿ ಉಪವಾಸವಿರುತ್ತಾರೆ ಎಂಬುದನ್ನು ಕೇಳಿರಿ. ಸಿಕ್ಕುದು ಒಳ್ಳೆಯದಾಗಲಿ, ಕೆಟ್ಟುದಾಗಲಿ, ಹಾಗೆಯೇ ಬರೆದಿಡಿರಿ.

ಹೆಸರು ತಿಳಿಯದೆ ಹೋದವರಿಗೂ ಎಳ್ಳುನೀರು ಬಿಡಲು ನಮ್ಮಲ್ಲಿ ವಿಧಿಯಿದೆ. ಕಳೆದ ಮಹಾಲಯದ ಅಮಾವಾಸ್ಯೆಗೆ ನಾನು ಏಳು ತಲೆಗಳ ಹೆಸರನ್ನೂ ಹೇಳಿ ತರ್ಪಣ ಕೊಟ್ಟೆನು. ಕೊನೆಗೆ ಹೆಸರಿಲ್ಲದೆ ಒಂದು ಬೊಗಸೆ ಬಿಟ್ಟೆನು. ಎದ್ದು ಒಳಗೆ ಬರುವಷ್ಟರಲ್ಲಿ ನನ್ನ ಹೆಂಡತಿ ಹಿತ್ತಲ ಬಾಗಿಲನ್ನು ತೆರೆದು ಒಂದು ರೊಟ್ಟಿಯನ್ನಿಟ್ಟು ಬಂದಿದ್ದಳು. ಆ ರೊಟ್ಟಿಯನ್ನು ನಾನು ಖರ್ಚಿನ ಪುಸ್ತಕದಲ್ಲಿ ಬರೆಯಲಿಲ್ಲ.